ಬಲತೋಳು ಬಿಚ್ಚಿದ ರವಿಕೆ

ಸತೀಶ ಆ ರವಿಕೆಯನ್ನು ತಂದು ಹೊಲಿಗೆ ಮಶೀನಿನ ಹಲಗೆಯ ಮೇಲಿಟ್ಟ.

“ಇದೊಂದು ಉಳ್ದದೆ ಅಕ್ಕಾ,” ಎಂದ. “ಬಾಕಿದ್ದೆಲ್ಲ ಅವಳ ಜೊತೆಗೇ ಹೋಯ್ತು.”

ಪಾರ್ವತವ್ವ ಹೊಲಿಗೆ ನಿಲ್ಲಿಸಿದಳು. ಮೂರು ತಿಂಗಳಿಂದ ಶಿರಸಿಯ ಈ ಮಹಡಿ ಅಂಗಡಿಯ ಕಿಟಕಿಯಲ್ಲಿ ಕೂತು ಯಾರ ಮನೆಯನ್ನು ಕಣ್ಣಿನಲ್ಲೇ ಅಳೆದಿದ್ದಳೋ, ಆ ಮನೆಯವನೇ ಈಗ ಅವಳ ಮುಂದೆ ನಿಂತಿದ್ದ. ಮಂಗಳವಾರ ಅವನನ್ನು ಪೊಲೀಸರು ಕರೆದೊಯ್ದದ್ದು ಅವಳು ಕೊಟ್ಟ ದೂರಿನಿಂದ. ಅವನು ಠಾಣೆಯಲ್ಲಿ ಕೂತಿದ್ದ ಎರಡು ತಾಸಿನಲ್ಲೇ ಆ ಮನೆಯೊಳಗಿದ್ದ ರೋಹಿಣಿ ಕಾಣೆಯಾಗಿದ್ದಳು. ಇವತ್ತು ಗುರುವಾರ.

ಸತೀಶನಿಗೆ ನಲವತ್ತರ ಹತ್ತಿರದ ವಯಸ್ಸು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ ಅವನದು. ವಾರ್ನಿಶ್ ಹತ್ತಿ ಬೆರಳ ತುದಿಗಳೆಲ್ಲ ಕಂದಾಗಿದ್ದವು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಅವನು ಕೂಗಾಡಿದ್ದರೆ ಪಾರ್ವತವ್ವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕೂಗಾಡಲಿಲ್ಲ.

“ಕುಂದ್ರು ತಮ್ಮಾ,” ಎಂದಳು.

“ಕೂರೂಕೆ ಬಂದದ್ದಲ್ಲ ಅಕ್ಕಾ.”

ಅವಳು ರವಿಕೆಯನ್ನು ಬಿಡಿಸಿ ನೋಡಿದಳು. ತೊಳೆದು ತೊಳೆದು ಮಾಸಿದ ಹಸಿರು ಹತ್ತಿ ಬಟ್ಟೆ. ಬಲತೋಳಿನ ಹೊಲಿಗೆಯನ್ನು ಅಂಚಿನಿಂದ ಕಂಕುಳವರೆಗೆ ಬಿಚ್ಚಿ, ಎರಡೂ ಬದಿಗೆ ಲಾಡಿ ಹಾಕಿತ್ತು. ಹದಿನೈದು ದಿನದ ಹಿಂದೆ ಇದೇ ರವಿಕೆ ಎದುರು ಮನೆಯ ಪಕ್ಕದ ಕೋಣೆಯ ಕಿಟಕಿ ಸರಳಿಗೆ ಒಣಹಾಕಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಮೂವತ್ತು ವರ್ಷ ಹೊಲಿಗೆ ಮಾಡಿದವಳಿಗೆ ಬಟ್ಟೆ ಓದುವುದನ್ನು ಯಾರೂ ಕಲಿಸಬೇಕಿಲ್ಲ. ಹೀಗೆ ತೋಳು ಬಿಚ್ಚುವುದು ಕೈಗೆ ಪ್ಲಾಸ್ಟರ್ ಬಿದ್ದವರಿಗೆ. ಒಬ್ಬನೇ ಇದ್ದಾನೆಂದು ಓಣಿಯೆಲ್ಲ ಅಂದುಕೊಂಡಿದ್ದ ಮನೆಯಲ್ಲಿ ಒಬ್ಬ ಹೆಂಗಸಿದ್ದಾಳೆ. ಅವಳ ಬಲಗೈ ಮುರಿದಿದೆ. ಮನೆಯವನು ದಿನಾ ಒಂಬತ್ತೂವರೆಗೆ ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗುತ್ತಾನೆ. ಇಷ್ಟನ್ನು ಕೂಡಿಸಿಕೊಂಡು ಅವಳು ಠಾಣೆಯ ಮೆಟ್ಟಿಲು ಹತ್ತಿದ್ದಳು.

“ನೀವು ಪೊಲೀಸ್ರಿಗೆ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ,” ಎಂದ ಸತೀಶ. “ಬೀಗ ಹಾಕಿದ ಮನೇಲಿ ಹೆಣ್ಣು ಕಂಡ್ರೆ ಯಾರಿಗಾದ್ರೂ ಸಂಶಯ ಬರೂದೇ. ಆದ್ರೆ ನನ್ನ ತಂಗಿ ಕಥೆ ನಿಮಗೆ ಗೊತ್ತಿರಲಿಲ್ಲ ಅಲ್ದಾ.”

“ಮೇಡಮ್ಮಾರು ಹೇಳಿದ್ರಪ್ಪಾ,” ಎಂದಳು ಪಾರ್ವತವ್ವ. ತಲೆ ಎತ್ತಲಿಲ್ಲ.

ಮೇಡಮ್ಮಾರು ಎಂದರೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಚೇತನಾ. ಮಂಗಳವಾರ ಮಧ್ಯಾಹ್ನ ಸತೀಶನನ್ನು ಕರೆತಂದು ಬೀಗ ತೆಗೆಸಿದಾಗ ಒಳಗೆ ಯಾರೂ ಇರಲಿಲ್ಲ, ಹಿಂದಿನ ಬಾಗಿಲು ತೆರೆದಿತ್ತು. ಆಗ ಸತೀಶ ನೆಲದ ಮೇಲೆ ಕುಸಿದು ಕೂತು ಹೇಳಿದ್ದ: ಒಳಗಿದ್ದವಳು ತಂಗಿ ರೋಹಿಣಿ. ಗಂಡ ಹೊಡೆದು ಕೈ ಮುರಿದ. ಯಲ್ಲಾಪುರದ ಕಡೆಯಿಂದ ಅವಳನ್ನು ಕರೆತಂದು ಯಾರಿಗೂ ಗೊತ್ತಾಗದಂತೆ ಬಚ್ಚಿಟ್ಟಿದ್ದೆ. ಈಗ ಅವನೇ ಬಂದು ಎಳೆದೊಯ್ದಿದ್ದಾನೆ.

ಆ ಮಾತು ಕೇಳಿದಂದಿನಿಂದ ಪಾರ್ವತವ್ವನಿಗೆ ಅನ್ನ ಸೇರಿರಲಿಲ್ಲ.

“ನಾ ಕೇಳೂದು ಒಂದೇ,” ಸತೀಶ ಹಲಗೆಯ ಮೇಲೆ ಅಂಗೈ ಊರಿದ. “ಪೊಲೀಸ್ರನ್ನ ಬಿಟ್ಟು ಮತ್ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ.”

“ಅಕ್ಕಾ.”

“ಯಾರಿಗೂ ಹೇಳಿಲ್ಲಪ್ಪಾ ನಾ.”

ಅವನು ಕಿಟಕಿಯ ಆಚೆ ನೋಡಿದ. ಮೆಲ್ಲಗೆ, “ಬನ್ನಿ. ಇಷ್ಟು ದಿನ ದೂರದಿಂದ ನೋಡಿದ್ರಲ್ಲ. ಇವತ್ತು ಹತ್ತಿರದಿಂದ ನೋಡಿ,” ಎಂದ.

ಅವಳು ಅವನ ಹಿಂದೆ ಮೆಟ್ಟಿಲಿಳಿದಳು.

ಓಣಿ ದಾಟಲು ಹತ್ತು ಹೆಜ್ಜೆ ಸಾಕು. ಈ ಹತ್ತು ಹೆಜ್ಜೆಯನ್ನು ಮೂರು ತಿಂಗಳ ಹಿಂದೆ ಇಟ್ಟಿದ್ದರೆ, ಒಂದು ಬಟ್ಟಲು ಸಾರು ಹಿಡಿದು ಹೋಗಿ ಬಾಗಿಲು ತಟ್ಟಿದ್ದರೆ ಎಂಬ ಯೋಚನೆ ಅವಳನ್ನು ತಿನ್ನತೊಡಗಿತು. ಅವಳು ಹೋಗಿರಲಿಲ್ಲ. ಕಿಟಕಿಯಲ್ಲಿ ಕೂತು ಎಣಿಸಿದ್ದಳು. ಅವನು ತರುವ ಹಾಲಿನ ಪ್ಯಾಕೆಟ್ ಎರಡು, ಬ್ರೆಡ್ಡು ದೊಡ್ಡದು, ಔಷಧಿ ಅಂಗಡಿಯ ಚೀಟಿ. ರೋಹಿಣಿಯನ್ನು ಅವಳು ಪೂರ್ತಿ ಕಂಡದ್ದು ಒಂದೇ ಸಲ, ದೀಪಾವಳಿ ಕಳೆದು ವಾರಕ್ಕೆ, ಸತೀಶನ ಬೈಕಿನಿಂದ ಇಳಿದು ಒಳಗೆ ಹೋದಾಗ.

ಮನೆಯೊಳಗೆ ವಾರ್ನಿಶ್ ವಾಸನೆ. ಪಡಸಾಲೆಯಲ್ಲಿ ಬಿಚ್ಚಿದ ಮೋಟಾರುಗಳು. ಹಿಂದಿನ ಬಾಗಿಲ ಕೊಂಡಿ ಕಿತ್ತು ನೇತಾಡುತ್ತಿತ್ತು, ಗೆದ್ದಲು ತಿಂದ ಚೌಕಟ್ಟಿನ ಪುಡಿ ಇನ್ನೂ ನೆಲದ ಮೇಲಿತ್ತು. ಆ ಚೌಕಟ್ಟಿಗೆ ಗೆದ್ದಲು ಹಿಡಿದದ್ದು ಓಣಿಯ ಎಲ್ಲರಿಗೂ ಗೊತ್ತು. ಹೊರಗಿನವನೊಬ್ಬನಿಗೆ ಅದನ್ನು ಹೇಳಿದ್ದು ತಾನೊಬ್ಬಳೇ. ಪಾರ್ವತವ್ವ ಕಣ್ಣು ಬೇರೆಡೆ ತಿರುಗಿಸಿದಳು.

ಪಕ್ಕದ ಕೋಣೆ ಚಿಕ್ಕದು. ಒಂದು ಚಾಪೆ, ಒಂದು ದಿಂಬು, ಗೋಡೆಗೆ ಒರಗಿಸಿದ ಕನ್ನಡಿ ಚೂರು. ಬಾಗಿಲಿನ ಹೊರಮಗ್ಗುಲಲ್ಲಿ ಹೊಚ್ಚ ಹೊಸ ಚಿಲಕ ಹೊಳೆಯುತ್ತಿತ್ತು.

“ಇದ್ಯಾಕ ಹೊರಗ ಹಾಕಿಸಿದಿ?” ಕೇಳುವಾಗಲೇ ಅವಳಿಗೆ ನಾಚಿಕೆಯಾಯಿತು. ಇನ್ನೂ ಪತ್ತೇದಾರಿಯೇ?

“ಅವಳೇ ಹೇಳಿ ಹಾಕ್ಸಿದ್ದು,” ಎಂದ ಸತೀಶ. “ಅವ್ನು ಎಂದಾದ್ರೂ ಮನೆಗೆ ನುಗ್ಗಿದ್ರೆ ಇದು ಸಾಮಾನಿನ ಕೋಣೆ ಅಂದ್ಕಳ್ಲಿ ಅಂತ. ಅಷ್ಟು ಹೆದರಿದ್ಲು.”

ಪಾರ್ವತವ್ವ ತಲೆಯಾಡಿಸಿದಳು. ಕಿಟಕಿಯ ಬಳಿ ಹೋಗಿ ನಿಂತಳು. ಅಲ್ಲಿಂದ ತನ್ನ ಅಂಗಡಿ ಇಷ್ಟು ಹತ್ತಿರ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮಶೀನಿನ ಚಕ್ರ, ಗೋಡೆಗೆ ತೂಗಿದ ಕತ್ತರಿ, ಹಿಂದೆ ಮಣೆ ಕಟ್ಟಿಕೊಂಡ ಕುರ್ಚಿ, ಎಲ್ಲ ಅಂಗೈ ಮೇಲಿದ್ದಂತೆ ಕಾಣುತ್ತಿತ್ತು. ತೊಂಬತ್ತು ದಿನ ಆ ಹೆಣ್ಣುಮಗಳು ಇಲ್ಲಿಂದ ತನ್ನನ್ನು ನೋಡಿರಬೇಕು. ಎದುರಿಗೇ ಕೂತಿದ್ದರೂ ಒಂದು ದಿನವೂ ನಗದ, ಕೈ ಎತ್ತದ, ಬರೀ ದಿಟ್ಟಿಸುವ ಮುದುಕಿಯನ್ನು.

ಅವಳಿಗೆ ಇನ್ನೊಂದು ಗೋಡೆ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ, ಗಂಡ ತೀರಿಕೊಂಡು ಬನವಾಸಿ ಕಡೆಯ ತವರಿನಲ್ಲಿ ಕೆಲಕಾಲ ಇದ್ದಾಗ, ನೆರೆಮನೆಯ ಸೊಸೆಯ ಅಳು ಗೋಡೆ ದಾಟಿ ಬರುತ್ತಿತ್ತು. ಮಂದಿ ಮನೆಯ ಮಾತು ನಮಗ್ಯಾಕೆ ಎಂದು ತಾಯಿ ಅಂದಿದ್ದಳು. ಅಳು ಕೇಳಬಾರದೆಂದು ಪಾರ್ವತವ್ವ ಮಶೀನನ್ನು ಜೋರಾಗಿ ತುಳಿಯುತ್ತಿದ್ದಳು. ಒಂದು ದಿನ ಅಳು ನಿಂತಿತು. ಮರುದಿನ ಬಾವಿಯ ಸುತ್ತ ಜನ ಸೇರಿದ್ದರು. ಇನ್ನೊಮ್ಮೆ ಸುಮ್ಮನಿರಬಾರದೆಂದು ಅವಳು ಅವತ್ತೇ ಆಣೆ ಮಾಡಿಕೊಂಡಿದ್ದಳು. ಸುಮ್ಮನಿದ್ದು ಒಬ್ಬಳನ್ನು ಕಳೆದಳು. ಮಾತಾಡಿ ಇನ್ನೊಬ್ಬಳನ್ನು.

“ಒಬ್ಬಾಂವ ಬಂದಿದ್ದ,” ಎಂದಳು.

ಸತೀಶ ತಿರುಗಿದ.

“ಹೋದ ಶನಿವಾರ. ಅಂಗಿ ಕೊರಳಪಟ್ಟಿ ತಿರುವಿ ಹೊಲಿಸಬೇಕು ಅಂತ ಬಂದ. ಶರಣ ಅಂತ ಹೆಸರು ಹೇಳಿದ, ಹಾವೇರ್‍ಯಾಂವ ಅಂದ. ಮೇಲಿನ ಖೋಲಿ ಬಾಡಿಗಿಗೆ ಸಿಗತದೇನ್ರಿ, ನೆರೆಹೊರೆ ಹ್ಯಾಂಗ ಅಂತ ಕೇಳಿದ. ಭಾಳ ಮರ್ಯಾದಿ ಮನಶಾ. ನನ್ನ ಬಾಯಿ ತಡೀಲಿಲ್ಲ ತಮ್ಮಾ. ಎದುರು ಮನ್ಯಾಗ ಒಬ್ಬ ಹೆಣ್ಣಮಗಳನ್ನ ಕೂಡಿಹಾಕ್ಯಾನ ಅಂದೆ. ಕೈ ಮುರದೈತಿ ಅಂದೆ. ನೀ ಯಾವಾಗ ಹೋಗ್ತಿ, ಯಾವಾಗ ಬರ್ತಿ, ಎಲ್ಲಾ ಹೇಳಿದೆ. ಹಿತ್ತಲ ಬಾಗಿಲದ್ದೂ.”

“ಪೊಲೀಸ್ರಿಗೆ ದೂರು ಕೊಡ್ತೆ ಅಂದದ್ದು?”

“ಅದನ್ನೂ. ಸೋಮಾರ ಹೋಗ್ತೀನಿ ಅಂದೆ. ಮಂಗಳವಾರ ಹೋಗ್ರಿ ಅವ್ವಾ, ಸೋಮಾರ ಮೇಡಂ ಊರಾಗ ಇರೂದಿಲ್ಲ ಅಂದ. ನಾ ನಂಬಿದೆ. ಇದನ್ನ ನಾ ಚೇತನಾ ಮೇಡಂಗೂ ಹೇಳಿಲ್ಲ. ಹ್ಯಾಂಗ ಹೇಳ್ಲಿ? ಕಳ್ಳಗ ಕೀಲಿಕೈ ಕೊಟ್ಟಾಕಿ ನಾನೇ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ನೋಡೂಕೆ ಹ್ಯಾಂಗಿದ್ದ?”

“ತೆಳ್ಳಗ, ಎತ್ತರ. ಚಷ್ಮಾ. ಮಾತು ಮೆತ್ತಗ.”

“ಅವ್ನೇ,” ಎಂದ ಸತೀಶ. “ಅವಳ ಗಂಡನೇ. ಹಳೇ ಮನೆ ಖಾಲಿ ಮಾಡಿದಾನೆ, ಈಗ ಎಲ್ಲಿದಾನೆ ಅಂತ ನಂಗೂ ಗೊತ್ತಿಲ್ಲ. ಅಂಗಿ ಎಲ್ಲದೆ?”

ಅಂಗಿ ಅಂಗಡಿಯ ಕಪಾಟಿನಲ್ಲಿತ್ತು. ಅದನ್ನು ಒಯ್ಯಲು ಯಾರೂ ಬಂದಿರಲಿಲ್ಲ. ಪಾರ್ವತವ್ವ ಹಲಗೆಯ ಮೇಲೆ ಹರಡಿದಳು. ಕಂದು ಗೆರೆಯ ತೋಳಂಗಿ. ಕೊರಳಲ್ಲಿದ್ದ ದರ್ಜಿಯ ಗುರುತಿನ ಪಟ್ಟಿಯನ್ನು ಬ್ಲೇಡಿನಿಂದ ಸವರಿ ತೆಗೆದಿತ್ತು, ನಾಲ್ಕು ಮೂಲೆಯ ದಾರ ಮಾತ್ರ ಉಳಿದಿತ್ತು.

“ಎಂತ ಗೊತ್ತಾಗ್ತದೆ ಇದ್ರಲ್ಲಿ?” ಸತೀಶ ಅಸಹನೆಯಿಂದ ಕೇಳಿದ. “ಹಾವೇರಿ ಅಂದನಲ್ಲ, ಅಲ್ಲಿಯದಾ?”

“ತಡಿ.”

ಅವಳು ಕನ್ನಡಕ ಹಾಕಿಕೊಂಡಳು. ಗುಂಡಿ ಕಾಜಿನ ಹೊಲಿಗೆ ನೋಡಿದಳು. ಅಂಚು ಮಡಚಿ ನೋಡಿದಳು. ಆಮೇಲೆ ಕಿಸೆಯನ್ನು ಒಳಮಗ್ಗುಲಿಗೆ ತಿರುವಿದಳು. ಎರಡೂ ಮೂಲೆಯಲ್ಲಿ ಮೂರು ಮೂರು ಟಾಕಾ, ಕೆಂಪು ದಾರದ ಬಿಗಿ ಹೊಲಿಗೆ. ಕಂದು ಅಂಗಿಗೆ ಕೆಂಪು ದಾರ, ಹೊರಗೆ ಕಾಣದ ಹಾಗೆ.

ಪ್ರಪಂಚದಲ್ಲಿ ಹಾಗೆ ಹೊಲಿಯುವವಳು ಒಬ್ಬಳೇ. ಹೊನ್ನಿ. ಹದಿನೇಳರ ಹುಡುಗಿಯಾಗಿ ಇದೇ ಅಂಗಡಿಗೆ ಕಲಿಯಲು ಬಂದಾಗ ಅವಳು ಹೊಲಿದ ಕಿಸೆಗಳೆಲ್ಲ ಮೂಲೆಯಲ್ಲಿ ಹರಿಯುತ್ತಿದ್ದವು. ಪಾರ್ವತವ್ವ ಒಮ್ಮೆ ಗಿರಾಕಿಯ ಮುಂದೆಯೇ ಬೈದಿದ್ದಳು. ಆವತ್ತಿನಿಂದ ಹೊನ್ನಿ ಪ್ರತಿ ಕಿಸೆಗೂ ಒಳಗಿನಿಂದ ಕೆಂಪು ಟಾಕಾ ಹಾಕತೊಡಗಿದಳು. ಈಗ ಅವಳಿಗೆ ಯಲ್ಲಾಪುರದಲ್ಲಿ ಸ್ವಂತ ಅಂಗಡಿ. ಟಾಕಾ ಹಾಕುವುದನ್ನು ಬಿಟ್ಟಿಲ್ಲ.

“ಯಲ್ಲಾಪುರದ್ದು. ನನ್ನ ಕಡೆ ಕಲಿತ ಹೊನ್ನಿ ಹೊಲಿದಿದ್ದು,” ಎಂದಳು ಪಾರ್ವತವ್ವ.

“ಅವಳಿಗೆ ಫೋನ್ ಮಾಡಿ,” ಎಂದ ಸತೀಶ.

ಎರಡೂ ಕೈಯಲ್ಲಿ ಅಂಗಿ ಹಿಡಿದಿದ್ದರಿಂದ ಅವಳು ಫೋನನ್ನು ಹಲಗೆಯ ಮೇಲಿಟ್ಟು ಸ್ಪೀಕರ್ ಹಾಕಿದಳು. ಹೊನ್ನಿಯ ದನಿ ಅಂಗಡಿ ತುಂಬಿತು.

“ಅಕ್ಕಾ! ಎಂತ ಅಪರೂಪಕ್ಕೆ?”

“ಒಂದು ಅಂಗಿ ಬಂದೈತವ್ವಾ, ನೀ ಹೊಲಿದಿದ್ದು. ಕಂದು ಗೀಟಿಂದು, ತೋಳಿನ ಅಂಗಿ. ಕಿಸೆದಾಗ ಪೆನ್ನಿಗೆ ಬ್ಯಾರೆ ಮನಿ ಮಾಡೀದಿ.”

“ಅದಾ? ಅದು ಕಿರಣ ಸರ್‌ದು ಅಕ್ಕಾ. ಹೈಸ್ಕೂಲ್ ಸರ್. ನಮ್ಮ ಅಂಗಡಿ ಹಿಂದಿನ ಓಣೀಲೇ ಮನೆ. ನೀರಿನ ಟಾಕಿ ದಾಟಿದ್ರೆ ಮೂರನೇದು, ನೀಲಿ ಗೇಟು. ಅಲ್ಲಿಗೆ ಹ್ಯಾಂಗೆ ಬಂತು ಅದು?”

“ಮರತು ಬಿಟ್ಟು ಹೋಗ್ಯಾರ. ಹ್ಯಾಂಗ ಅದಾರವ್ವಾ ಅವರು, ಮನಶಾ ಹ್ಯಾಂಗ?”

“ಬಂಗಾರದಂಥವ್ರು. ಒಂದು ಜೋರು ಮಾತಿಲ್ಲ. ಎಂತಕ್ಕೆ ಅಕ್ಕಾ?”

“ಏನಿಲ್ಲ. ಆಮ್ಯಾಲ ಮಾಡ್ತೀನಿ.”

ಫೋನು ಇಟ್ಟಾಗ ಸತೀಶ ತಲೆಯಾಡಿಸುತ್ತಿದ್ದ. “ಕಿರಣ. ಹೌದು, ಅವ್ನೇ. ಹೊರಗೆ ಎಲ್ಲರಿಗೂ ಬಂಗಾರವೇ. ಒಳಗಿನದು ಒಳಗಿದ್ದವರಿಗೇ ಗೊತ್ತು.” ಬೈಕಿನ ಕೀಲಿ ಆಗಲೇ ಅವನ ಕೈಗೆ ಬಂದಿತ್ತು.

“ಮೇಡಮ್ಮಾರಿಗೆ ಒಂದು ಮಾತು ಹೇಳೂಣು ತಮ್ಮಾ. ಅವರೂ ಬರಲಿ.”

ಅವನು ಬಾಗಿಲಲ್ಲಿ ನಿಂತ. “ಪೊಲೀಸ್ ಜೀಪು ಕಂಡ್ರೆ ಅವ್ನು ಅವಳನ್ನ ಅಲ್ಲಿಂದ್ಲೂ ಸಾಗಿಸ್ತಾನೆ. ಒಂದ್ಸಲ ಪೊಲೀಸ್ರಿಗೆ ಹೇಳಿ ಎಂತಾಯ್ತು, ನೋಡಿದ್ರಲ್ಲ ಅಕ್ಕಾ.”

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟಿತು. ಏನೇ ಗೊತ್ತಾದರೂ ಮೊದಲು ನನಗೆ ಹೇಳಿ ಎಂದು ಚೇತನಾ ಎರಡೆರಡು ಸಲ ಹೇಳಿ ಹೋಗಿದ್ದಳು. ಪಾರ್ವತವ್ವನಿಗೆ ನೆನಪಿತ್ತು. ಆದರೆ ಎದುರಿಗೆ ನಿಂತವನ ಮನೆ ಮುರಿದವಳು ತಾನು. ಇವನಿಗೆ ಏನಾದರೂ ಮರಳಿಸಲು ಸಾಧ್ಯವಿದ್ದರೆ ಈ ಒಂದು ಗಳಿಗೆ ಮಾತ್ರ.

“ಎರಡು ತಾಸು ಸುಮ್ನಿರಿ,” ಎಂದು ಸತೀಶ ಕೈ ಮುಗಿದ. “ಅಷ್ಟೇ ಸಾಕು.”

“ಹೋಗಿ ಬಾರಪ್ಪಾ. ಹುಷಾರಿಂದ ಕರ್ಕೊಂಡು ಬಾ. ಆಕಿ ಕಾಲು ಹಿಡಿದು ತಪ್ಪಾತು ಅಂತೀನಿ ನಾ.”

ಬೈಕು ಓಣಿಯ ತಿರುವು ದಾಟಿತು. ಆಗ ಹನ್ನೊಂದು ಗಂಟೆ.

ಪಾರ್ವತವ್ವನ ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದಂತಾಯಿತು. ಅವಳು ಎರಡು ದಿನದ ಮೇಲೆ ಒಲೆ ಹೊತ್ತಿಸಿ ಚಹಾ ಮಾಡಿ ಕುಡಿದಳು. ಒಬ್ಬ ಗಿರಾಕಿ ಬಂದು ಸೀರೆಗೆ ಫಾಲ್ ಹಚ್ಚಲು ಕೊಟ್ಟು ಹೋದಳು. ಹನ್ನೆರಡು ದಾಟಿದ ಮೇಲೆ ಅವಳಿಗೆ ಆ ಹಸಿರು ರವಿಕೆ ನೆನಪಾಯಿತು. ಸತೀಶ ಅದನ್ನು ಅಲ್ಲೇ ಬಿಟ್ಟು ಹೋಗಿದ್ದ. ರೋಹಿಣಿ ಬರುವಷ್ಟರಲ್ಲಿ ತೋಳಿಗೆ ಸರಿಯಾಗಿ ಗುಂಡಿ ಹಚ್ಚಿ, ಎಡಗೈಯಲ್ಲೇ ಹಾಕಿಕೊಳ್ಳುವ ಹಾಗೆ ಮಾಡಿಕೊಡೋಣ ಎಂದು ಸೂಜಿಗೆ ದಾರ ಪೋಣಿಸಿದಳು.

ಬಲತೋಳನ್ನು ತೊಡೆಯ ಮೇಲೆ ಹರಡಿಕೊಂಡಳು. ಎಷ್ಟು ತೆಳ್ಳನೆಯ ತೋಳು. ಇಷ್ಟು ತೆಳ್ಳನೆಯ ಕೈಯಲ್ಲಿ ಆ ಹುಡುಗಿ ಅವತ್ತು ಅಷ್ಟು ಭಾರದ ಚೀಲ ಎತ್ತಿದ್ದಳಲ್ಲ ಎಂದು ಸುಮ್ಮನೆ ಒಂದು ಯೋಚನೆ ಬಂತು.

ಸೂಜಿ ನಿಂತಿತು.

ಅವತ್ತು ಬೈಕಿನಿಂದ ಇಳಿದವಳು ಚೀಲ ಎತ್ತಿದ್ದು ಯಾವ ಕೈಯಲ್ಲಿ? ಪಾರ್ವತವ್ವ ಕಣ್ಣು ಮುಚ್ಚಿದಳು. ಎಡಗೈಯಲ್ಲಿ ಸೆರಗು ಹಿಡಿದಿದ್ದಳು. ಬಲಗೈಯಲ್ಲಿ ಚೀಲ. ತುಂಬಿದ ಚೀಲ. ಮೆಟ್ಟಿಲು ಹತ್ತುವಾಗಲೂ ಕೈ ಬದಲಿಸಿರಲಿಲ್ಲ. ತೋಳಿನ ಮೇಲೆ ಪ್ಲಾಸ್ಟರ್ ಇರಲಿಲ್ಲ, ಗಾಜಿನ ಬಳೆ ಇದ್ದವು.

ಹಾಗಾದರೆ ಕೈ ಮುರಿದದ್ದು ಗಂಡನ ಮನೆಯಲ್ಲಿ ಅಲ್ಲ. ಇಲ್ಲಿಗೆ ಬಂದ ಮೇಲೆ.

ಬಿದ್ದು ಮುರಿದಿರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೆ ಬಿದ್ದು ಮುರಿದಿದ್ದರೆ ಗಂಡ ಮುರಿದ ಎಂದು ಪೊಲೀಸರ ಮುಂದೆ ಏಕೆ ಹೇಳಬೇಕು? ಹೊರಮಗ್ಗುಲಿನ ಚಿಲಕ ಕಣ್ಣ ಮುಂದೆ ಬಂತು. ನುಗ್ಗಿ ಬಂದವನು ಚಿಲಕ ತೆಗೆದು ನೋಡುವುದಿಲ್ಲವೇ? ಹೊರಗಿನ ಚಿಲಕದಿಂದ ಒಳಗಿದ್ದವಳಿಗೆ ಯಾವ ರಕ್ಷಣೆ? ಅದು ಒಳಗಿದ್ದವಳು ಹೊರಗೆ ಬಾರದಿರಲಿ ಎಂದು ಹಾಕುವ ಚಿಲಕ. ನೋಡಿದ ಕ್ಷಣವೇ ಅವಳಿಗೆ ಅದು ಗೊತ್ತಾಗಿತ್ತು. ನಾಚಿಕೆ ಬಾಯಿ ಮುಚ್ಚಿಸಿತ್ತು.

ಮತ್ತೆ ಆ ಹೆಸರು. ಬೆಳಿಗ್ಗೆಯಿಂದ ಸತೀಶ ‘ಅವನು’ ಎಂದನೇ ಹೊರತು ತಂಗಿಯ ಗಂಡನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ಹೊನ್ನಿ ಕಿರಣ ಎಂದ ಮೇಲೆ ತಾನೂ ಕಿರಣ ಎಂದಿದ್ದ.

ರವಿಕೆ ತೊಡೆಯಿಂದ ಜಾರಿತು. ಅವಳು ಫೋನಿಗೆ ಕೈ ಚಾಚುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಚೇತನಾ.

“ಪಾರ್ವತವ್ವಾರೇ, ಸತೀಶ ಮನೇಲಿದ್ದಾನಾ ನೋಡಿ. ಅವನ ಫೋನು ಸ್ವಿಚ್ ಆಫ್ ಬರ್ತಿದೆ.”

“ಇಲ್ಲ ಮೇಡಂ. ನೀವು ಎಲ್ಲಿದೀರಿ?”

“ಕಾನಸೂರಲ್ಲಿ. ಅವನ ಊರಿಗೇ ಬಂದಿದ್ದೇನೆ. ಗಂಡ ಅಂತ ಅವನು ಬರೆಸಿದ ಹೆಸರು, ವಿಳಾಸ ಎಲ್ಲ ಸುಳ್ಳು. ಅಂಥವರು ಯಾರೂ ಇಲ್ಲ. ಅದಕ್ಕೇ ತಾಯಿಯನ್ನ ಕೇಳೋಣ ಅಂತ ಬಂದೆ. ದ್ಯಾವಮ್ಮ ಇಲ್ಲೇ ಕೂತಿದ್ದಾರೆ.” ಚೇತನಾ ಫೋನು ಸರಿಸಿ, “ಅಮ್ಮಾ, ಈಗ ನನಗೆ ಹೇಳಿದ್ದನ್ನ ಇನ್ನೊಂದ್ಸಲ ಹೇಳಿ,” ಎಂದದ್ದು ಕೇಳಿಸಿತು.

ವಯಸ್ಸಾದ ಒಂದು ದನಿ ದೂರದಿಂದ ಬಂತು. “ಎಷ್ಟು ಸಲ ಹೇಳೂದು ಮಗಾ? ನಂಗೆ ಹುಟ್ಟಿದ್ದು ಅವ್ನೊಬ್ನೇ. ಹೆಣ್ಣೊಂದು ಬೇಕು ಅಂತ ಆಸೆ ಇತ್ತು, ದೇವ್ರು ಕೊಡಲಿಲ್ಲ. ರೋಹಿಣಿ ಅಂದ್ರೆ ಯಾರು ಅಂತ ನಂಗೆ ಗೊತ್ತಿಲ್ಲ.”

ಪಾರ್ವತವ್ವ ಎದುರಿನ ಕೋಣೆಯ ಕಿಟಕಿಯತ್ತ ತಿರುಗಿದಳು.

“ಕೇಳಿಸ್ತಾ?” ಚೇತನಾ ಮತ್ತೆ ಬಂದಳು. “ಅವಳು ಅವನ ತಂಗಿ ಅಲ್ಲ. ಯಾರು ಅಂತ ನನಗೂ ಇನ್ನೂ ಗೊತ್ತಿಲ್ಲ. ನಿಮ್ಮ ಅನುಮಾನ ಸರಿಯಾಗೇ ಇತ್ತು. ಅವಳು ಎಲ್ಲಿದ್ದರೂ ಅವನಿಗೆ ಸಿಗದೇ ಇದ್ದರೆ ಸಾಕು ಅನಿಸ್ತಿದೆ ನನಗೆ… ಪಾರ್ವತವ್ವಾರೇ? ಇದ್ದೀರಾ?”

ಸರಿಯಾಗಿಯೇ ಇತ್ತು. ಶನಿವಾರ ಅಂಗಿ ತಂದವನಿಗೆ ಆಡಿದ ಮಾತು, ಮೂರು ದಿನ ಅವಳನ್ನು ಒಳಗೊಳಗೇ ಸುಟ್ಟ ಮಾತು, ಬಹುಶಃ ಆ ಹುಡುಗಿಯ ಬಾಗಿಲು ತೆಗೆದಿತ್ತು. ತಪ್ಪು ತಿದ್ದಿಕೊಳ್ಳಲೆಂದು ಇವತ್ತು ಆಡಿದ ಮಾತು?

“ಮೇಡಂ,” ಎಂದಳು. ಮುಂದಿನದನ್ನು ಹೇಳಲು ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅಂಗಿ, ಕೆಂಪು ಟಾಕಾ, ಹೊನ್ನಿ, ನೀಲಿ ಗೇಟು. ಒಂದನ್ನೂ ಮುಚ್ಚಿಡಲಿಲ್ಲ.

ಬೈಯುತ್ತಾಳೆಂದು ಪಾರ್ವತವ್ವ ಕಾದಳು. ಚೇತನಾ ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟು ಹೊತ್ತಾಯ್ತು ಅವನು ಹೊರಟು?”

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. “ಒಂದೂವರೆ ತಾಸು.”

“ಯಲ್ಲಾಪುರ ಮುಟ್ಟೋಕೆ ಅಷ್ಟು ಬೇಕಾಗಿಲ್ಲ. ನಾನು ಅಲ್ಲಿನ ಠಾಣೆಗೆ ಹೇಳ್ತೇನೆ. ನೀವು ಹೊನ್ನಿಗೆ ಫೋನ್ ಮಾಡಿ. ಈಗಲೇ.”

ಹೊನ್ನಿ ಮೊದಲ ಕರೆಗೆ ಎತ್ತಲಿಲ್ಲ. ಎರಡನೆಯದಕ್ಕೆ ಎತ್ತಿದಳು, ನಗುತ್ತಲೇ.

“ಹೊನ್ನೀ, ಆ ಮಾಸ್ತರ ಮನಿ ಕೇಳ್ಕೊಂತ ಯಾರರೆ ಬಂದ್ರ ತೋರಿಸಬ್ಯಾಡ.”

“ಅಯ್ಯೋ ಅಕ್ಕಾ, ಬಂದಾಯ್ತಲ್ಲ! ಪಾರ್ವತಕ್ಕ ಕಳ್ಸಿದ್ದು, ಸರ್ ಮನೇಲಿರೂ ಹುಡುಗಿ ಅಣ್ಣ ನಾನು ಅಂದ್ರು. ಓಣಿ ತಪ್ಪಿ ಹೋಗಿತ್ತಂತೆ, ಅಂಗಡಿಗೇ ಬಂದ್ರು. ನಾನೇ ಕರ್ಕಂಡ್ ಹೋಗಿ ಬಾಗ್ಲವರೆಗೆ ಬಿಟ್ಟು ಬಂದೆ. ಈಗಷ್ಟೇ ಬಂದು ಕೂತೆ.”

“ಮನ್ಯಾಗ ಯಾರದಾರ? ಮಾಸ್ತರ ಅದಾರೇನು?”

“ಸರ್ ಶಾಲೆಗೆ ಹೋಗಿದ್ರು. ಒಂದು ಹುಡುಗಿ ಬಾಗ್ಲು ತೆಗೆದ್ಲು. ಪಾಪ, ಬಲಗೈಗೆ ಪ್ಲಾಸ್ಟರ್. ಮೊನ್ನೆಯಷ್ಟೇ ಬಂದದ್ದಿರಬೇಕು, ನಾ ಕಂಡಿರಲಿಲ್ಲ. ಅಣ್ಣನ್ನ ನೋಡಿದ್ದೇ ಅವಳ ಮುಖ ಬೆಳ್ಳಗಾಗಿ ಹೋಯ್ತು ಅಕ್ಕಾ. ಖುಷಿಗೇನೋ ಅಂದ್ಕಂಡೆ.” ಹೊನ್ನಿಯ ನಗು ಸ್ವಲ್ಪ ತಗ್ಗಿತು. “ಆದ್ರೆ ಅವಳು ಅವರ ಹತ್ರ ಮಾತೇ ಆಡಲಿಲ್ಲ. ನನ್ನ ಕಡೆ ತಿರುಗಿ, ‘ಈ ಮನೆ ಇವರಿಗೆ ಹೇಳಿದ್ದು ಯಾರು’ ಅಂತ ಕೇಳಿದ್ಲು.”

“ನೀ ಏನಂದಿ?”

“ಶಿರಸಿ ಪಾರ್ವತಕ್ಕ ಅಂದೆ. ಎದುರು ಕಿಟಕೀಲಿ ಹೊಲಿತಾರಲ್ಲ, ಅವ್ರು ಅಂತ ಇವರೂ ಹೇಳಿದ್ರು.”

“ಅದಕ್ಕ?”

“ಅವಳು ಎಂತೂ ಅನ್ನಲಿಲ್ಲ. ಇವರು ಒಳಗೆ ಹೋಗಿ ಬಾಗ್ಲು ಹಾಕ್ಕಂಡ್ರು. ಅಕ್ಕಾ… ಎಂತಾಯ್ತು?”

ಪಾರ್ವತವ್ವನ ಬಾಯಿಂದ ಮೂರು ದಿನದಲ್ಲಿ ಹೊರಡದ ಕೂಗು ಆಗ ಹೊರಟಿತು. “ಓಡು ಹೊನ್ನೀ! ಆಂವ ಅಣ್ಣ ಅಲ್ಲ. ಓಣಿ ಮಂದೀನ್ನೆಲ್ಲಾ ಕರಿ. ಬಾಗ್ಲಾ ಬಡಿ. ಫೋನ್ ಬಂದ್ ಮಾಡಬ್ಯಾಡ, ಕೈಯಾಗ ಹಿಡಕೊಂಡೇ ಓಡು!”

ಸ್ಟೂಲು ಉರುಳಿದ ಸದ್ದು. ಚಪ್ಪಲಿಯ ಪಟಪಟ. ಹೊನ್ನಿ ಯಾರ್‍ಯಾರನ್ನೋ ಹೆಸರು ಹಿಡಿದು ಕರೆಯುತ್ತ ಓಡುತ್ತಿದ್ದಳು. ಅವಳ ಏದುಸಿರು ಪಾರ್ವತವ್ವನ ಕಿವಿಯಲ್ಲಿ, ತನ್ನದೇ ಉಸಿರೇನೋ ಎಂಬಷ್ಟು ಹತ್ತಿರ. ಗೇಟು ಕಿರುಗುಟ್ಟಿತು. ಬಾಗಿಲ ಮೇಲೆ ಅಂಗೈ ಬಡಿಯತೊಡಗಿತು.

“ಯಾರದ್ರಿ ಒಳಗೆ? ಬಾಗ್ಲು ತೆಗೀರಿ! ನಾನು, ಹೊನ್ನಿ!”

ಮತ್ತೆ ಬಡಿತ. ಮತ್ತೆ. ಆಮೇಲೆ ಬಡಿತ ತಟ್ಟನೆ ನಿಂತಿತು.

“ಹೊನ್ನೀ?” ಎಂದಳು ಪಾರ್ವತವ್ವ.

ಫೋನಿನಲ್ಲಿ ಒಂದು ಚಿಲಕ ಸರಿದ ಸದ್ದು ಬಂತು. ಹೊನ್ನಿ ಪಿಸುಗುಟ್ಟಿದಳು.

“ಅಕ್ಕಾ, ಬಾಗ್ಲು ತೆಗೆದದ್ದು ಅವಳೇ. ಒಬ್ಳೇ ನಿಂತಿದಾಳೆ. ಪ್ಲಾಸ್ಟರ್ ಮೇಲೆಲ್ಲ ರಕ್ತ. ಅವಳದ್ದಲ್ಲ.”